ಕೆರೆಯಂಗಳದ ಮೇಲೊಂದು ಉಳುಮೆ

ಹಾರುವ ಮೊದಲು ಅದಕ್ಕೆ ಸುಮ್ಮನಿರುವುದನ್ನು ಹೇಳಿಕೊಡಬೇಕು.

ಕೋಲಾರ ಸೀಮೆಯ ಒಂದು ಕೆರೆ. ಏಪ್ರಿಲ್ ತಿಂಗಳು, ನೀರು ಬಹುಪಾಲು ಇಂಗಿ ಅಂಗಳ ಬಿರುಕುಬಿಟ್ಟಿದೆ. ಹೂಳು ಎಷ್ಟು ತುಂಬಿದೆ, ಎಲ್ಲಿ ಎತ್ತಬೇಕು ಎಂಬುದನ್ನು ಊರಿನವರು ತಿಳಿಯಬೇಕಿತ್ತು. ಅದಕ್ಕಾಗಿ ನಾವು ರೆಕ್ಕೆಯ ಡ್ರೋನನ್ನು ಹೊತ್ತು ತಂದಿದ್ದೆವು. ಮದುವೆ ಮನೆಯಲ್ಲಿ ನಾಲ್ಕು ಫ್ಯಾನು ತಿರುಗಿಸಿಕೊಂಡು ನಿಂತಲ್ಲೇ ನಿಲ್ಲುತ್ತದಲ್ಲ, ಅದಲ್ಲ. ಇದಕ್ಕೆ ನಿಲ್ಲಲು ಬಾರದು. ಗಟ್ಟಿ ಥರ್ಮಾಕೋಲಿನಂಥ ಮೈ, ರೆಕ್ಕೆಯ ತುದಿಯಿಂದ ತುದಿಗೆ ಒಂದು ಮಾರು, ತೂಕ ಎರಡು ಕಿಲೋ ಆಸುಪಾಸು. ಮುಂದೆ ಒಂದು ಸಣ್ಣ ಕೊಳವೆ ಚಾಚಿಕೊಂಡಿರುತ್ತದೆ. ಎದುರುಗಾಳಿ ಅದರೊಳಗೆ ಎಷ್ಟು ಒತ್ತುತ್ತದೆ ಎಂಬುದರಿಂದಲೇ ತಾನೆಷ್ಟು ವೇಗದಲ್ಲಿದ್ದೇನೆಂದು ವಿಮಾನಕ್ಕೆ ಗೊತ್ತಾಗುವುದು. ಬ್ಯಾಟರಿ ಸಿಕ್ಕಿಸಿದ ಕೂಡಲೇ ಆ ಕೊಳವೆಯ ಬಾಯಿಗೆ ಬಟ್ಟೆ ಅಡ್ಡ ಹಿಡಿಯಬೇಕು. ಗಾಳಿಯೇ ಇಲ್ಲದಿದ್ದರೆ ಹೀಗಿರುತ್ತದೆ, ಇದು ಸೊನ್ನೆ, ಇಲ್ಲಿಂದ ಎಣಿಸು ಅಂತ. ಮರೆತರೆ ಆ ಹೊತ್ತು ಬೀಸುತ್ತಿರುವ ಗಾಳಿಯನ್ನೇ ಅದು ನಿಶ್ಚಲವೆಂದು ನಂಬಿಬಿಡುತ್ತದೆ, ಆಮೇಲಿನ ಲೆಕ್ಕವೆಲ್ಲ ಹಾಳು.

ಅಂದು ಕರವಸ್ತ್ರ ಹಿಡಿದು ಕೂತಾಗ ನನಗೆ ಒಂಥರಾ ಆಯಿತು. ನಾವು ಯಾರಾದರೂ ನಮ್ಮ ಸೊನ್ನೆ ಯಾವುದೆಂದು ತಿಳಿದು ಹೊರಟವರೇ?

ಇಷ್ಟಕ್ಕೇ ಮುಗಿಯುವುದಿಲ್ಲ. ಭೂಮಿಯ ಸೆಳೆತ ಯಾವ ಕಡೆಗಿದೆ ಎಂದು ತಿಳಿಯಲು ಅದನ್ನು ಆರು ಬಗೆಯಲ್ಲಿ ಮಲಗಿಸಬೇಕು. ಬೋರಲು, ಅಂಗಾತ, ಎಡಮಗ್ಗುಲು, ಬಲಮಗ್ಗುಲು, ಮೂಗು ಕೆಳಗೆ, ಮೂಗು ಮೇಲೆ. ದಿಕ್ಸೂಚಿಗಂತೂ ಕಾರಿನಿಂದ, ಮೊಬೈಲಿನಿಂದ ದೂರ ಒಯ್ದು, ಎರಡೂ ಕೈಯಲ್ಲಿ ಎತ್ತಿ ಎಲ್ಲ ಮಗ್ಗುಲಿಗೂ ಸುತ್ತಿಸಬೇಕು. ನಾನು ಹೀಗೆ ಸುತ್ತಿಸುತ್ತಿದ್ದಾಗ ಮೇಕೆ ಕಾಯುತ್ತಿದ್ದ ಅಜ್ಜಿಯೊಬ್ಬಳು ನಿಂತು ನೋಡಿದಳು.

"ಏನಪ್ಪಾ, ಮಗೂಗೆ ದೃಷ್ಟಿ ತೆಗೀತಾ ಇದ್ದೀಯಾ?"

"ಹೂಂ ಅಜ್ಜೀ, ಹದ್ದಿನ ಕಣ್ಣು ಬೀಳಬಾರದಲ್ಲ."

ತಮಾಷೆಗೆ ಅಂದದ್ದಲ್ಲ. ರೆಕ್ಕೆಯ ಡ್ರೋನನ್ನು ಕಂಡರೆ ಹದ್ದುಗಳಿಗೆ ಆಗುವುದಿಲ್ಲ, ಮೇಲಿನಿಂದ ಎರಗುತ್ತವೆ. ಬೇಡದ ಅತಿಥಿ ಯಾರೆಂದು ಅವಕ್ಕೆ ಚೆನ್ನಾಗಿ ಗೊತ್ತು.

ನನಗೆ ಅತ್ಯಂತ ಪ್ರಿಯವಾದದ್ದು ತೂಕ ನೋಡುವ ಗಳಿಗೆ. ಎರಡು ರೆಕ್ಕೆಗಳ ಅಡಿಯಲ್ಲಿ, ಗುರುತು ಮಾಡಿದ ಜಾಗದಲ್ಲಿ ಒಂದೊಂದು ಬೆರಳಿಟ್ಟು ಇಡೀ ವಿಮಾನವನ್ನು ಎತ್ತುವುದು. ಮೂಗು ಬಾಗಿದರೆ ಬ್ಯಾಟರಿಯನ್ನು ಒಂದು ಬೆರಳು ಹಿಂದಕ್ಕೆ, ಬಾಲ ಬಾಗಿದರೆ ಮುಂದಕ್ಕೆ. ಹೀಗೆ ಸರಿಸುತ್ತಾ ಸರಿಸುತ್ತಾ ಒಂದು ಕ್ಷಣದಲ್ಲಿ ಅದು ಬೆರಳ ಮೇಲೆ ತೂಗಿ ನಿಲ್ಲುತ್ತದೆ. ಚಿಕ್ಕಂದಿನಲ್ಲಿ ಆಷಾಢದ ಗಾಳಿಗೆ ಪಟ ಕಟ್ಟಿದವರಿಗೆ ಈ ಸುಖ ಗೊತ್ತು. ಸೂತ್ರ ಹಾಕುವಾಗ ಗಂಟು ಒಂದು ಎಳೆಯಷ್ಟು ಆಚೀಚೆಯಾದರೂ ಪಟ ಗಿರಕಿ ಹೊಡೆಯುತ್ತಿತ್ತು. ಆಗ ಮಣಿಯುತ್ತಿದ್ದದ್ದು ಬಾಲಂಗೋಚಿಗೆ. ಇದಕ್ಕೋ ಬಾಲದ ಭಾರವೇ ಶತ್ರು.

ಇನ್ನೊಂದು ಪರೀಕ್ಷೆಯನ್ನು ನಾನು ಮರೆಯುವಂತಿಲ್ಲ. ವಿಮಾನವನ್ನು ಕೈಯಲ್ಲೇ ಬಲಕ್ಕೆ ವಾಲಿಸಿದರೆ ಬಲರೆಕ್ಕೆಯ ಹಿಂದಂಚಿನ ಪಟ್ಟಿ ತಾನಾಗಿ ಕೆಳಗಿಳಿಯಬೇಕು. ಹಾರುವಾಗ ಗಾಳಿ ಆ ಪಟ್ಟಿಗೆ ಬಡಿದು, ಬಿದ್ದ ರೆಕ್ಕೆಯನ್ನು ಎತ್ತುತ್ತದೆ. ಮೊದಲ ವರ್ಷ ಒಮ್ಮೆ ತಂತಿಯನ್ನು ಉಲ್ಟಾ ಸಿಕ್ಕಿಸಿ, ಈ ಪರೀಕ್ಷೆ ಮಾಡದೆ ಎಸೆದುಬಿಟ್ಟಿದ್ದೆ. ವಾಲಿದ್ದನ್ನು ಸರಿಪಡಿಸಹೋಗಿ ಇನ್ನಷ್ಟು ವಾಲಿತು, ಮತ್ತಷ್ಟು ಸರಿಪಡಿಸಿತು, ಮತ್ತಷ್ಟು ವಾಲಿತು. ಮೂರೇ ಸೆಕೆಂಡಿನಲ್ಲಿ ತೊಗರಿ ಹೊಲದಲ್ಲಿತ್ತು. ಅದರ ಉದ್ದೇಶದಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನದು.

ನಕ್ಷೆಯ ಲೆಕ್ಕಾಚಾರ ಹೊರಗಿನವರಿಗೆ ಬೇಸರ ತರಿಸೀತು, ಆದರೂ ಸ್ವಲ್ಪ ಹೇಳಲೇಬೇಕು. ಡ್ರೋನಿಗೆ ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿ ಹಾರಬಹುದಾದ ಎತ್ತರ 400 ಅಡಿ, ಅಂದರೆ ಸುಮಾರು 120 ಮೀಟರ್. ಅಲ್ಲಿಂದ 16 ಮಿಲಿಮೀಟರ್ ಮಸೂರದ ಕ್ಯಾಮರಾದಲ್ಲಿ ಚಿತ್ರದ ಒಂದೊಂದು ಚುಕ್ಕಿ ನೆಲದ 3 ಸೆಂಟಿಮೀಟರಿಗೆ ಸಮ. ಒಂದು ಫೋಟೋ ಹಿಡಿಯುವ ನೆಲ 180 ಮೀಟರ್ ಅಗಲ, 120 ಮೀಟರ್ ಉದ್ದ. ವಿಮಾನ ಸೆಕೆಂಡಿಗೆ 15 ಮೀಟರ್ ಓಡುತ್ತದೆ. ಕ್ಯಾಮರಾ ಎರಡು ಸೆಕೆಂಡಿಗೊಮ್ಮೆ, ಅಂದರೆ 30 ಮೀಟರಿಗೊಮ್ಮೆ ಕಣ್ಣು ಮಿಟುಕಿಸುತ್ತದೆ. ಸಾಲಿಗೂ ಸಾಲಿಗೂ ನಡುವೆ 63 ಮೀಟರ್. ನೂರೈವತ್ತು ಎಕರೆಯ ಕೆರೆಗೆ ಹದಿಮೂರು ಸಾಲು, ನಾನೂರರ ಹತ್ತಿರ ಫೋಟೋ, ಹದಿನೈದು ನಿಮಿಷ.

ಒಂದು ಫೋಟೋ 120 ಮೀಟರ್ ಹಿಡಿಯುತ್ತದೆ ಎಂದಮೇಲೆ 30 ಮೀಟರಿಗೊಮ್ಮೆ ಏಕೆ ತೆಗೆಯಬೇಕು? ನೋಡಿದ್ದನ್ನೇ ಮತ್ತೆ ಮತ್ತೆ ಏಕೆ ನೋಡಬೇಕು? ಮೊದಲು ಈ ಕೆಲಸಕ್ಕೆ ಬಂದಾಗ ನಾನೂ ಹೀಗೇ ಕೇಳಿದ್ದೆ. ನಿಮ್ಮ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಜಿಗಿಯುತ್ತದೆ, ದೂರದ ಗೋಡೆ ಅಷ್ಟಾಗಿ ಕದಲುವುದಿಲ್ಲ. ಆ ಜಿಗಿತದಲ್ಲಿಯೇ ದೂರ ಅಡಗಿದೆ. ವಿಮಾನ ಮಾಡುವುದೂ ಅದನ್ನೇ, ಅದರ ಒಂದು ಕಣ್ಣಿಗೂ ಇನ್ನೊಂದು ಕಣ್ಣಿಗೂ 30 ಮೀಟರ್ ಅಂತರ ಅಷ್ಟೆ. ಕೆರೆಯಂಗಳದ ಒಂದು ಹೆಂಟೆ ಹನ್ನೊಂದು ಫೋಟೋಗಳಲ್ಲಿ ಬಂದಿರುತ್ತದೆ, ಹನ್ನೊಂದರಲ್ಲೂ ತುಸು ಬೇರೆ ಜಾಗದಲ್ಲಿ. ಫೋಟೋಗಳೆಲ್ಲ ಒಂದೇ ಮಾತನ್ನು ಹೇಳಿದ್ದರೆ ಕೆರೆ ಚಾಪೆಯಂತೆ ಚಪ್ಪಟೆಯಾಗಿರುತ್ತಿತ್ತು. ಅವು ಒಂದಕ್ಕೊಂದು ಒಪ್ಪದಿರುವುದರಿಂದಲೇ ಏರಿಗೆ ಎತ್ತರ ಬಂತು, ತೂಬಿಗೆ ಆಳ ಬಂತು.

ನನ್ನ ಬೆರಗು ಇರುವುದು ಇಲ್ಲಿ. ಹಾರುವುದರಲ್ಲಿ ಅಲ್ಲ. ಹಾರುವುದಕ್ಕೆ ಕಾಗೆ ಸಾಕು.

ಈ ವಿದ್ಯೆಯ ಹುಟ್ಟೂ ವಿಚಿತ್ರ. 1858ರಲ್ಲಿ ಪ್ಯಾರಿಸ್ಸಿನ ನಾದಾರ್ ಎಂಬ ಛಾಯಾಗ್ರಾಹಕ ಬಲೂನಿನಲ್ಲಿ ಕೂತು ಆಕಾಶದಿಂದ ಫೋಟೋ ತೆಗೆಯಲು ಹೊರಟ. ಬಲೂನಿನಿಂದ ಸೋರುತ್ತಿದ್ದ ಅನಿಲ ತಾಗಿ ಅವನ ಗಾಜಿನ ಪ್ಲೇಟುಗಳು ಮತ್ತೆ ಮತ್ತೆ ಕಪ್ಪಾದವು. ಕಾರಣ ಹೊಳೆದು ಕವಾಟ ಮುಚ್ಚಿದ ಮೇಲೆ ಚಿತ್ರ ಮೂಡಿತು. ಅದೇ ವರ್ಷ ಜರ್ಮನಿಯ ವೆಟ್ಸ್‌ಲಾರ್ ಊರಿನಲ್ಲಿ ಮೈಡೆನ್‌ಬೌವರ್ ಎಂಬ ಎಂಜಿನಿಯರು ಅಲ್ಲಿಯ ದೊಡ್ಡ ಚರ್ಚನ್ನು ಅಳೆಯುತ್ತಾ ಮೇಲಿನಿಂದ ಬೀಳುವುದರಲ್ಲಿದ್ದ. ಬದುಕಿಕೊಂಡವನಿಗೆ ಕಟ್ಟಡವನ್ನು ಹತ್ತಿ ಅಳೆಯುವ ಬದಲು ಅದರ ಫೋಟೋಗಳನ್ನು ಅಳೆಯಬಾರದೇಕೆ ಎನಿಸಿತು. ಒಬ್ಬ ಮೇಲೇರಿದ, ಇನ್ನೊಬ್ಬ ಬೀಳಹೋದ. ನಮ್ಮ ಥರ್ಮಾಕೋಲ್ ಹಕ್ಕಿ ಇಬ್ಬರಿಗೂ ಮೊಮ್ಮಗು.

ಆಕಾಶದಿಂದ ಎಷ್ಟೇ ನೋಡಿದರೂ ನೆಲದಲ್ಲಿ ಒಂದಿಷ್ಟು ಜಾಗ ಖಚಿತವಾಗಿ ಗೊತ್ತಿರಬೇಕು, ಇಲ್ಲದಿದ್ದರೆ ನಕ್ಷೆ ತೇಲುತ್ತದೆ. ನಾವು ಅಂಗಳದಲ್ಲಿ ಎಂಟು ಕಡೆ ಸುಣ್ಣದಲ್ಲಿ ದೊಡ್ಡ ಕೂಡುಗುರುತು ಹಾಕಿದ್ದೆವು. ಒಂದೊಂದರ ನಡುವೆಯೂ ಕೋಲು ನಿಲ್ಲಿಸಿ, 20,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಂದ ಆ ಜಾಗದ ವಿಳಾಸವನ್ನು ಎರಡು ಮೂರು ಸೆಂಟಿಮೀಟರಿನೊಳಗೆ ಪಡೆದಿದ್ದೆವು. 1800ರಲ್ಲಿ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸರ್ವೆಯರು ಬೆಂಗಳೂರಿನ ಬಯಲಲ್ಲಿ ಏಳೂವರೆ ಮೈಲಿಗೆ ತುಸು ಕಡಿಮೆ ಉದ್ದದ ಒಂದೇ ಒಂದು ಗೆರೆಯನ್ನು ಸರಪಳಿಯಿಂದ ಅಳೆಯಲು ವಾರಗಟ್ಟಲೆ ಕೂತಿದ್ದ, ಬಿಸಿಲಿಗೆ ಉಕ್ಕು ಎಷ್ಟು ಹಿಗ್ಗಿತೆಂದು ಲೆಕ್ಕ ಹಿಡಿಯುತ್ತಾ. ನಮ್ಮ ಸರ್ವೆಯವರ ಮೂವತ್ತಮೂರು ಅಡಿಯ ಸರಪಳಿ, ಹದಿನಾರು ಆಣೆ, ಗುಂಟೆಯ ಲೆಕ್ಕ ಈಗಲೂ ರೈತರ ಬಾಯಲ್ಲಿದೆ. 2020ರಲ್ಲಿ ಹಳ್ಳಿಯ ಮನೆಗಳ ಜಾಗವನ್ನು ಡ್ರೋನಿನಿಂದ ಅಳೆಯುವ ಸ್ವಾಮಿತ್ವ ಯೋಜನೆ ಬಂದ ಮೇಲೆ ಗ್ರಾಮಠಾಣದ ಜನ ತಂತಮ್ಮ ಮನೆಯ ಗಡಿಗೆ ಸುಣ್ಣದ ಗೆರೆ ಎಳೆದು ಡ್ರೋನಿಗೆ ಕಾದರು. ಬೆಳಿಗ್ಗೆ ರಂಗೋಲಿ ಇಡುವ ಅಂಗಳದ ಅಂಚಿಗೆ ಮೇಲಿನವರಿಗೆ ಕಾಣಲೆಂದು ಇನ್ನೊಂದು ಬಿಳಿ ಗೆರೆ.

ಹತ್ತೂವರೆಗೆ ಗಾಳಿಗೆ ಎದುರಾಗಿ ಓಡಿ ಎಸೆದೆ. ಒಂದು ಮೊಳ ಕುಸಿದು, ಎದೆ ಝಲ್ಲೆನಿಸಿ, ಮೇಲೇರಿತು. ಆಮೇಲೆ ನಮಗೆ ಕೆಲಸವಿಲ್ಲ. ಅದು ಒಂದು ಸಾಲು ಹೋಯಿತು, ಅಂಗಳದ ಅಂಚು ದಾಟಿ ತಿರುಗಿತು, ಪಕ್ಕದ ಸಾಲು ಹಿಡಿದು ಬಂತು. ಅಡ್ಡಗಾಳಿಗೆ ಮೂಗನ್ನು ಓರೆಯಾಗಿಟ್ಟುಕೊಂಡೇ ನೆಟ್ಟಗೆ ಸಾಗುತ್ತಿತ್ತು.

"ಉಳ್ತಾ ಐತಲ್ಲಪ್ಪಾ," ಎಂದರು ಕೆರೆಯ ನೀರು ಬಿಡುವ ನೀರಗಂಟಿ ತಾತ.

ಹೌದಲ್ಲ! ಎತ್ತುಗಳು ಹೊಲದಂಚಿನಾಚೆ ಹೋಗಿ ತಿರುಗಿದರೆ ತಾನೇ ಮುಂದಿನ ಸಾಲು ನೇರವಾಗುವುದು. ನನ್ನ ಕಂಪ್ಯೂಟರಿನಲ್ಲಿ ಅದಕ್ಕೊಂದು ಉದ್ದದ ಹೆಸರಿತ್ತು, ಅವತ್ತಿನಿಂದ ನಾನದನ್ನು ಉಳುಮೆ ಎಂದೇ ಕರೆಯುತ್ತೇನೆ. ತಾತ ಸ್ವಲ್ಪ ಹೊತ್ತು ತಲೆಯೆತ್ತಿ ನೋಡಿ, ರುಮಾಲು ಸರಿಮಾಡಿಕೊಂಡು ಏರಿಯ ಮೇಲೆ ಎಂದಿನ ನಡಿಗೆಗೆ ಹೊರಟರು. ನೀರಿಲ್ಲದ ಕೆರೆಯಲ್ಲಿ ಅವರಿಗೇನು ಕೆಲಸವೋ, ಕೇಳಲಿಲ್ಲ.

ಮೂರು ದಿನದ ಮೇಲೆ ನಕ್ಷೆಯನ್ನು ಊರಿಗೆ ತಂದು ಅರಳಿಕಟ್ಟೆಯ ಮೇಲೆ ಹಾಸಿದೆವು. ಹೂಳಿನ ಮೈ ಎಲ್ಲಿ ಎತ್ತರ, ಹಳೆಯ ಕಾಲುವೆ ಯಾವ ಕಡೆ ಬಾಗಿತ್ತು, ಎಲ್ಲ ಬಣ್ಣಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ನಡುವಿನ ಗುಂಡಿಯಲ್ಲಿ ಉಳಿದಿದ್ದ ಒಂದಿಷ್ಟು ನೀರಿನ ಜಾಗ ಮಾತ್ರ ಹರಿದ ಬಟ್ಟೆಯ ಹಾಗೆ ತೂತು. ನೀರಿಗೆ ಎರಡು ಸೆಕೆಂಡಿನ ಮೇಲೆ ಅದೇ ಮುಖ ಇರುವುದಿಲ್ಲ, ಹಾಗಾಗಿ ಫೋಟೋಗಳಿಗೆ ಹೊಂದಿಸಲು ಏನೂ ಸಿಕ್ಕುವುದಿಲ್ಲ. ಮೇಕೆಗಳು ಕೆಲವು ಅರ್ಧರ್ಧ ಇದ್ದವು.

ತಾತ ಬಣ್ಣಗಳನ್ನು ಹೆಚ್ಚು ನೋಡಲಿಲ್ಲ. ಅವರ ಬೆರಳು ನೇರವಾಗಿ ಏರಿಗೆ ಹೋಯಿತು, ತೂಬಿನ ಬಳಿಯ ಒಂದು ಬಿಳಿ ಚುಕ್ಕಿಯ ಮೇಲೆ ನಿಂತಿತು. ಚುಕ್ಕಿಯ ಪಕ್ಕದಲ್ಲಿ ಸಣ್ಣ ನೆರಳು. ಬೆರಳು ಮುಂದೆ ಸರಿದು ಕೋಡಿಯ ಹತ್ತಿರ ಮತ್ತೆ ನಿಂತಿತು. ಅಲ್ಲೂ ಅದೇ ಬಿಳಿ ಚುಕ್ಕಿ, ಅದೇ ನೆರಳು. ನಡೆದ ಮನುಷ್ಯ ಅಳಿಸಿಹೋಗಿದ್ದ, ನಿಂತ ಮನುಷ್ಯ ಉಳಿದಿದ್ದ.

"ಇಬ್ಬರಿದ್ದೀರಿ ತಾತ," ಎಂದೆ.

"ಸರೀನೇ ಐತೆ ಬಿಡಪ್ಪಾ. ಎರಡೂ ಕಡೆ ಬೀಡಿ ಹಚ್ಚಿದ್ದೆ."