ಗೆಲುವು ಕೊಡದಿದ್ದರೂ ಮಾತು ಮಾತೇ

ಯೌವನಸ್ಥರೇ, ಇವತ್ತು ಒಬ್ಬ ಬೇಸ್‌ಬಾಲ್ ಆಟಗಾರರ ಬಗ್ಗೆ ಹೇಳ್ತೀನಿ. ಹೆಸರು ಕ್ರಿಸ್ಟಿ ಮ್ಯಾಥ್ಯೂಸನ್. 1880ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವರು. ನ್ಯೂಯಾರ್ಕ್ ಜೈಂಟ್ಸ್ ತಂಡದ ಪಿಚರ್. ಪಿಚರ್ ಅಂದ್ರೆ ಕ್ರಿಕೆಟ್‌ನಲ್ಲಿ ಬೌಲರ್ ಇದ್ದ ಹಾಗೆ.

ಭಾನುವಾರ ಆಡೋದಿಲ್ಲ ಅಂತ ಇವರು ತಾಯಿಗೆ ಮಾತು ಕೊಟ್ಟಿದ್ದರು. ನ್ಯೂಯಾರ್ಕ್‌ನಲ್ಲಿ ಆಗ ಭಾನುವಾರದ ಪಂದ್ಯಕ್ಕೆ ಕಾನೂನೇ ಬಿಡ್ತಿರಲಿಲ್ಲ, ಅಲ್ಲಿ ಮಾತು ಉಳಿಸಿಕೊಳ್ಳೋದು ಸುಲಭ. ಆದರೆ ಶಿಕಾಗೋದಲ್ಲಿ, ಸೇಂಟ್ ಲೂಯಿಸ್‌ನಲ್ಲಿ ಭಾನುವಾರವೂ ಪಂದ್ಯ ಇರ್ತಿತ್ತು. ಪರೀಕ್ಷೆ ಅಲ್ಲಿ. ಅಲ್ಲೂ ಅವರು ಭಾನುವಾರ ಪಿಚ್ ಮಾಡಲಿಲ್ಲ.

1905ರ ವರ್ಲ್ಡ್ ಸೀರೀಸ್‌ನಲ್ಲಿ ಆರು ದಿನದೊಳಗೆ ಮೂರು ಪಂದ್ಯ ಎಸೆದರು. ಎದುರಾಳಿಗೆ ಒಂದೇ ಒಂದು ರನ್ ಕೊಡಲಿಲ್ಲ! ಒಟ್ಟು ವೃತ್ತಿಯಲ್ಲಿ 373 ಗೆಲುವು. ಇಲ್ಲಿಗೆ ನಿಲ್ಲಿಸಿದರೆ ನೀವೆಲ್ಲ ಹಲ್ಲೆಲೂಯಾ ಅಂತೀರಿ. ಭಾನುವಾರ ಕೊಟ್ಟರು, ದೇವರು ಗೆಲುವು ಕೊಟ್ಟರು ಅಂತೀರಿ. ಆದರೆ ನಾನು ಪೂರ್ತಿ ಹೇಳಬೇಕು.

1912ರ ವರ್ಲ್ಡ್ ಸೀರೀಸ್, ಕೊನೆಯ ಪಂದ್ಯ, ಬಾಸ್ಟನ್. ಹತ್ತನೇ ಇನ್ನಿಂಗ್ಸ್‌ನಲ್ಲಿ ಇವರ ತಂಡ ಒಂದು ರನ್ ಮುಂದಿತ್ತು. ತಂಡದವರೊಬ್ಬರು ಸುಲಭದ ಕ್ಯಾಚ್ ಬಿಟ್ಟರು. ಪಂದ್ಯವೂ ಹೋಯ್ತು, ಸೀರೀಸೂ ಹೋಯ್ತು. 1918ರಲ್ಲಿ ಸೈನ್ಯ ಸೇರಿ ಫ್ರಾನ್ಸ್‌ಗೆ ಹೋದರು. ಅಲ್ಲಿ ತರಬೇತಿ ಸಮಯದಲ್ಲಿ ವಿಷಾನಿಲ ತಗುಲಿತು. ಆಮೇಲೆ ಕ್ಷಯರೋಗ. 1925ರಲ್ಲಿ ತೀರಿಕೊಂಡರು, ವಯಸ್ಸು ಬರೀ 45. 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಮೊದಲ ಐವರನ್ನು ಆರಿಸಿದಾಗ ಇವರೂ ಒಬ್ಬರು. ಆದರೆ ಅದನ್ನು ನೋಡಲು ಅವರೇ ಇರಲಿಲ್ಲ.

ಪ್ರಿಯರೇ, ಹಾಗಾದ್ರೆ ಆ ಭಾನುವಾರಗಳು ವ್ಯರ್ಥವಾದವಾ? ಇಲ್ಲ. ಕೊಟ್ಟ ಮಾತು ದೇವರ ಜೊತೆಗಿನ ವ್ಯಾಪಾರ ಅಲ್ಲ. ನಾವು ಏನು ಮಾಡ್ತೀವಿ? "ಕರ್ತನೇ, ನಾನು ಆರಾಧನೆಗೆ ಬಂದೆ, ಇನ್ನು ಪ್ರಮೋಷನ್ ಕೊಡು" ಅಂತೀವಿ. ಕೊಡದಿದ್ದರೆ ಮುನಿಸು. ದಾನಿಯೇಲನ ಪುಸ್ತಕದ ಆ ಮೂವರು ಯೌವನಸ್ಥರನ್ನು ನೆನಪಿಸಿಕೊಳ್ಳಿ. ದೇವರು ಬೆಂಕಿಯಿಂದ ಬಿಡಿಸಲಿ, ಬಿಡಿಸದೇ ಇರಲಿ, ನಾವಂತೂ ವಿಗ್ರಹಕ್ಕೆ ಅಡ್ಡಬೀಳಲ್ಲ ಅಂದರು. ಬೆಂಕಿಗೆ ಬೀಳುವ ಮೊದಲೇ ಅಂದರು!

ಈ ವಾರ ಆಫೀಸ್‌ನಲ್ಲಿ ಸುಳ್ಳು ಲೆಕ್ಕಕ್ಕೆ ಸಹಿ ಹಾಕು ಅಂದಾಗ, ಸತ್ಯ ಹೇಳಿದರೆ ಲಾಭ ಏನು ಅಂತ ಮೊದಲು ಕೇಳಬೇಡಿ. ಸತ್ಯ ಹೇಳಿ. ಕೆಲಸ ಉಳಿಯಬಹುದು, ಹೋಗಲೂಬಹುದು. ನಿಮ್ಮ ಕರ್ತನು ಮಾತ್ರ ನಿಮ್ಮನ್ನು ಬಿಟ್ಟು ಹೋಗಲ್ಲ. ನಂಬುವವರು ಆಮೆನ್ ಅನ್ನಿ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ.