ಮೈಕ್ ಯಾರ ಜಾಗದಲ್ಲಿ?

ಈಗ ಕೆಲವು ಸಬ್‌ವೂಫರ್‌ಗಳಲ್ಲಿ ರೂಮ್ ಕರೆಕ್ಷನ್ ಒಳಗೇ ಬರುತ್ತೆ. ಜೆಎಲ್ ಆಡಿಯೊದ ಫ್ಯಾಥಮ್ ಥರದವುಗಳಲ್ಲಿ ನಾವು ಕೂರುವ ಜಾಗದಲ್ಲಿ ಮೈಕ್ ಇಟ್ಟು ಬಟನ್ ಒತ್ತಿದರೆ ಸಾಕು. ಡಬ್ಬಿ ಒಂದಷ್ಟು ಟೋನ್ ಹೊರಡಿಸಿ, ಕೋಣೆ ಎಲ್ಲಿ ಸದ್ದನ್ನು ಉಬ್ಬಿಸುತ್ತಿದೆ ಅಂತ ಲೆಕ್ಕ ಹಾಕಿ, ಅಷ್ಟನ್ನು ತಗ್ಗಿಸುತ್ತೆ. ಆದರೆ ಮೈಕನ್ನು ಯಾರ ಜಾಗದಲ್ಲಿ ಇಡಬೇಕು ಅನ್ನೋದನ್ನು ಮಾತ್ರ ನಾವೇ ತೀರ್ಮಾನ ಮಾಡಬೇಕು. ನನಗೆ ಇದು ನೈತಿಕ ಪ್ರಶ್ನೆ ಅನಿಸೋದು ಅಲ್ಲೇ.

ಹನ್ನೆರಡು ಅಡಿ ಉದ್ದದ ಹಾಲ್ ಅಂದುಕೊಳ್ಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 47 ಹರ್ಟ್ಜ್ ಸುಮಾರಿನ ಸದ್ದು ಎರಡು ಗೋಡೆಗಳ ನಡುವೆ ನಿಂತುಬಿಡುತ್ತೆ. ಗೋಡೆಗೆ ಒರಗಿ ಕೂತವರಿಗೆ ಅದು ಗುಂಯ್ ಅಂತ ಹೊಡೆಯುತ್ತೆ, ನಟ್ಟನಡುವೆ ಕೂತವರಿಗೆ ಹೆಚ್ಚುಕಮ್ಮಿ ಕೇಳಿಸೋದೇ ಇಲ್ಲ. ಒಂದೇ ಹಾಡು, ಒಂದೇ ಮನೆ, ಎರಡು ಸತ್ಯ. ನಡುವೆ ಕೂತವನು ತನಗೆ ಕಮ್ಮಿಯಾಯ್ತು ಅಂತ ಅದೇ 47 ಹರ್ಟ್ಜ್ ಏರಿಸಿದರೆ ಅವನ ಕಿವಿಗೆ ಅಷ್ಟೇನೂ ಸಿಗಲ್ಲ, ಅಲೆಗಳು ಅಲ್ಲಿ ಒಂದನ್ನೊಂದು ಅಳಿಸಿ ಹಾಕುತ್ತವೆ. ಹೆಚ್ಚಾದದ್ದೆಲ್ಲ ಗೋಡೆ ಪಕ್ಕದಲ್ಲಿ ಕೂತ ಅಮ್ಮನಿಗೆ, ಗೋಡೆ ಆಚೆ ಮಲಗಿದ ಪಕ್ಕದ ಮನೆಯವರಿಗೆ.

'ನನ್ನ ಮನೆ, ನನ್ನ ದುಡ್ಡು, ಕಾನೂನು ಮೀರಿಲ್ವಲ್ಲ' ಅನ್ನಬಹುದು. ಕಾನೂನನ್ನೇ ನೋಡೋಣ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ನಮ್ಮ ದಾವಣಗೆರೆಯ ಕರೂರು ಥರದ ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಕರೂರಿನ ಯಾವುದೋ ಶೆಡ್ಡಿನಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ನಮ್ಮ ಪಕ್ಕದ ಮನೆಯಲ್ಲಿ ಹಗಲು ಮಲಗುವವರಿದ್ದರೆ? ಅವರ ರಾತ್ರಿ ಈ ಗಡಿಯಾರದಲ್ಲಿಲ್ಲ. ಇನ್ನೊಂದು ವಿಷಯ: ಈ ಮಿತಿಗಳನ್ನು ಅಳೆಯುವ 'ಎ' ಮಾಪನ 50 ಹರ್ಟ್ಜ್ ಸದ್ದನ್ನು ಸುಮಾರು 30 ಡೆಸಿಬೆಲ್ ಕಡಿಮೆ ಮಾಡಿ ಎಣಿಸುತ್ತೆ. ಸಬ್‌ವೂಫರ್ ಇರೋದೇ ಅಂಥ ಸದ್ದಿಗೆ. ಮೀಟರಿನಲ್ಲಿ ಮಿತಿಯೊಳಗೇ ಇದ್ದು ಪಕ್ಕದವರ ಎದೆ ನಡುಗಿಸೋದು ಸಾಧ್ಯ. ಅಂದಮೇಲೆ 'ಕಾನೂನಿನೊಳಗಿದ್ದೇನೆ' ಅನ್ನೋದು ಉತ್ತರದ ಅರ್ಧ ಮಾತ್ರ.

ಕರೆಕ್ಷನ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಉಬ್ಬು ಕತ್ತರಿಸಿದರೆ ಪಕ್ಕದ ಮನೆಗೂ ಲಾಭವೇ, ಸದ್ದು ಶುಭ್ರವಾಯ್ತು ಅಂತ ನಾವು ವಾಲ್ಯೂಮ್ ಏರಿಸದಿದ್ದರೆ. ನನ್ನ ತಕರಾರು ಆ ಪದದ ಬಗ್ಗೆ. 'ಸರಿಪಡಿಸಿದೆ' ಅಂದಾಗ ಯಾರಿಗೆ ಸರಿ ಅನ್ನೋದನ್ನು ನಾವು ನುಂಗಿಬಿಡ್ತೀವಿ. ಆಫೀಸಿನಲ್ಲೂ ಇದೇ ಕಥೆ. ಮ್ಯಾನೇಜರ್ ಕುರ್ಚಿಯಿಂದ ಅಳೆದು ಸರಿಪಡಿಸಿದ ವ್ಯವಸ್ಥೆ ಮೂಲೆಯಲ್ಲಿ ಕೂತವರಿಗೆ ಗುಂಯ್‌ಗುಡುತ್ತಿರುತ್ತೆ. ದೂರು ಬಂದರೆ ನಾವು ಆ್ಯಪ್ ತೋರಿಸ್ತೀವಿ, ಗ್ರಾಫ್ ನೇರವಾಗಿದೆಯಲ್ಲ ಅಂತ.

ಬಟನ್ನಿಂದ ಆಗದ ಕೆಲಸ ಕೆಲವೊಮ್ಮೆ ಕುರ್ಚಿಯನ್ನು ಎರಡು ಅಡಿ ಸರಿಸಿದರೆ ಆಗುತ್ತೆ. ನಡುವಿನ ತಗ್ಗಿಗೆ ಇನ್ನಷ್ಟು ಪವರ್ ಅಲ್ಲ ಮದ್ದು, ಕೂತವನು ಏಳಬೇಕು. ಹೇಗೂ ಎದ್ದಿರ್ತೀವಿ, ಗೋಡೆ ಪಕ್ಕದಲ್ಲೂ ಒಂದು ನಿಮಿಷ ಕೂತು ಅದೇ ಹಾಡು ಕೇಳೋಣ. ಆಮೇಲೆ ಪಕ್ಕದ ಮನೆ ಬಾಗಿಲು ತಟ್ಟಿ, 'ನೀವು ಮಲಗೋದು ಯಾವಾಗ?' ಅಂತ ಕೇಳೋಣ. ಆ ಒಂದು ಅಳತೆಯನ್ನು ಯಾವ ಮೈಕೂ ತೆಗೆದುಕೊಡಲ್ಲ.