ಜೀವ ಬಂತು!

ಓದಲೆಂದು ಜರ್ಮನಿಯ ಆಖೆನ್‌ನಲ್ಲಿದ್ದ ವರ್ಷ. ಒಂದು ಭಾನುವಾರ ಹಾಸ್ಟೆಲಿನವರೆಲ್ಲ ಪಾರ್ಕಿನಲ್ಲಿ ಸೇರಿದ್ದೆವು. ‘ನಿಮ್ಮೂರಿನ ಆಟ ಯಾವುದಾದರೂ ಹೇಳಿಕೊಡು’ ಎಂದರು. ಕ್ರಿಕೆಟ್ ಆಡೋಣವೆಂದರೆ ಬ್ಯಾಟಿಲ್ಲ, ಲಗೋರಿಗೆ ಚಪ್ಪಟೆ ಕಲ್ಲಿಲ್ಲ. ಕಬಡ್ಡಿಗಾದರೆ ಏನೂ ಬೇಡ. ಎಲ್ಲರ ಶೂ ಬಿಚ್ಚಿಸಿ, ಸಾಲಾಗಿ ಜೋಡಿಸಿ ನಡುಗೆರೆ ಮಾಡಿದೆ. ಐದು ನಿಮಿಷದಲ್ಲಿ ಹೇಳಿಕೊಟ್ಟರಾಯಿತು ಅಂದುಕೊಂಡಿದ್ದೆ.

ಮೊದಲ ಪ್ರಶ್ನೆಗೇ ತಡವರಿಸಿದೆ. ‘ಕಬಡ್ಡಿ ಅಂದರೆ ಏನರ್ಥ?’ ಚಡ್ಡಿ ಹಾಕುವ ಕಾಲದಿಂದ ಆ ಪದವನ್ನು ಒಂದೇ ಉಸಿರಿನಲ್ಲಿ ಹೇಳಿದವನು ನಾನು. ಅರ್ಥದ ಗೊಡವೆಗೇ ಹೋಗಿರಲಿಲ್ಲ. ತಮಿಳರು ಇದನ್ನೇ ಚಡುಗುಡು ಎನ್ನುತ್ತಾರೆ, ಮರಾಠಿಗರು ಹುತುತು, ಬಂಗಾಳಿಗಳು ಹಾಡುಡು. ಪದ ಯಾವುದಾದರೂ ಸರಿ, ಅದು ನಿಲ್ಲಬಾರದು. ನಿಂತರೆ ಉಸಿರು ಎಳೆದುಕೊಂಡೆ ಅಂತ ಲೆಕ್ಕ ಎಂದೆ. ‘ಹಾಗಾದರೆ ಇದು ಕಿವಿಯಿಂದಲೂ ಆಡುವ ಆಟ’ ಎಂದನೊಬ್ಬ. ಹೌದಲ್ಲ!

ಆಟ ಶುರುವಾಯಿತು. ಮೊದಲ ರೈಡಿನಲ್ಲೇ ಔಟಾದ ಉದ್ದನೆಯ ಹುಡುಗಿ ನೀರಿನ ಬಾಟಲಿ, ಬ್ಯಾಗು ಎತ್ತಿಕೊಂಡು ಹೊರಟಳು. ‘ಹೋಗಬೇಡ, ಇಲ್ಲೇ ಗೆರೆಯಾಚೆ ಕೂತಿರು. ನಿಮ್ಮ ಕಡೆಯವರು ಒಬ್ಬರನ್ನು ಔಟ್ ಮಾಡಿದರೆ ನಿನಗೆ ಜೀವ ಬರುತ್ತದೆ’ ಎಂದೆ. ಊರಿನಲ್ಲಿ ಆಡುವ ಮಾತನ್ನೇ ಹಾಗೆಯೇ ಅನುವಾದಿಸಿದ್ದೆ. ಸತ್ತವಳಿಗೆ ಜೀವ ಬರುವುದೇ ಎಂದು ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಆಮೇಲೆ ನೋಡಬೇಕಿತ್ತು! ಆಡುವವರಿಗಿಂತ ಹೆಚ್ಚು ಕೂಗಿದವಳು ಅವಳೇ. ಅವಳು ಮರಳಿ ಒಳಗೆ ಬರುವುದು ಇನ್ನೊಬ್ಬರ ಕಾಲಿನ ಚುರುಕಿನಲ್ಲಿತ್ತು. ಕ್ರಿಕೆಟ್ಟಿನಲ್ಲಿ ಔಟಾದವನು ಪ್ಯಾಡ್ ಬಿಚ್ಚಿದರೆ ಅವತ್ತಿಗೆ ಅವನ ಬ್ಯಾಟಿಂಗ್ ಮುಗಿಯಿತು. ಕಬಡ್ಡಿಯಲ್ಲಿ ಹಾಗಲ್ಲ, ಬಿದ್ದವನನ್ನು ಜೊತೆಯವನು ಎಬ್ಬಿಸುತ್ತಾನೆ. ಇಷ್ಟು ವರ್ಷ ಆಡಿಯೂ ನನಗೆ ಇದು ಹೊಳೆದಿರಲಿಲ್ಲ. ಅವತ್ತು ಪಾಠ ಹೇಳಲು ನಿಂತವನು ನಾನು, ಕಲಿತವನೂ ನಾನೇ.

ಮೊದಮೊದಲು ಮೈಮುಟ್ಟಲು ಸಂಕೋಚಪಡುತ್ತಿದ್ದವರು ಅರ್ಧ ಗಂಟೆಯಲ್ಲಿ ನಾಲ್ಕು ಜನ ಒಟ್ಟಿಗೆ ನನ್ನ ಮೇಲೆ ಬಿದ್ದರು. ಒಬ್ಬ ಪಾದ ಹಿಡಿದ, ಇನ್ನೊಬ್ಬಳು ಸೊಂಟ. ಅಂಗಿಯ ಜೇಬು ಕಿತ್ತುಹೋಯಿತು, ನನ್ನ ತಂಡ ಸೋತಿತು. ಒಳಗೊಳಗೇ ಖುಷಿಯಾಯಿತು.

ಆಟವನ್ನು ಹೇಳಿಕೊಡುವವರು ಸೋಲಿಗೂ ಸಿದ್ಧರಿರಬೇಕು. ಕಬಡ್ಡಿ 1990ರಲ್ಲಿ ಏಷ್ಯನ್ ಕ್ರೀಡಾಕೂಟ ಸೇರಿತು. ಅಂದಿನಿಂದ ಪುರುಷರ ಚಿನ್ನ ಪ್ರತಿ ಸಲವೂ ಭಾರತದ್ದೇ ಆಗಿತ್ತು. ಆದರೆ 2018ರಲ್ಲಿ ಜಕಾರ್ತಾದ ಸೆಮಿಫೈನಲ್‌ನಲ್ಲಿ ಇರಾನ್ ನಮ್ಮನ್ನು 27-18ರಿಂದ ಮಣಿಸಿತು. ಮಹಿಳೆಯರ ಫೈನಲ್‌ನಲ್ಲೂ ಇರಾನೇ ಗೆದ್ದಿತು, 27-24. ಇರಾನಿನ ಆ ಮಹಿಳಾ ತಂಡಕ್ಕೆ ಪಟ್ಟು ಕಲಿಸಿದ ಕೋಚ್ ನಮ್ಮ ನಾಸಿಕ್‌ನ ಶೈಲಜಾ ಜೈನ್. ಅದನ್ನು ನಾಡಿಗಾದ ಸೋಲು ಎಂದವರಿದ್ದರು. ಆಟಕ್ಕೆ ಮಾತ್ರ ಅದು ಗೆಲುವೇ.

ಆಟಗಳು ಹೀಗೆಯೇ ದೇಶ ದಾಟುತ್ತವೆ. ಚಾರ್ಲ್ಸ್ ಮಿಲ್ಲರ್ ಎಂಬ ಯುವಕ ಇಂಗ್ಲೆಂಡಿನಲ್ಲಿ ಓದಿ 1894ರಲ್ಲಿ ಬ್ರೆಜಿಲ್‌ಗೆ ಮರಳುವಾಗ ಎರಡು ಫುಟ್‌ಬಾಲ್, ಒಂದು ನಿಯಮದ ಪುಸ್ತಕ ಹೊತ್ತು ತಂದಿದ್ದ. ಆ ದೇಶ ಮುಂದೆ ಐದು ಸಲ ವಿಶ್ವಕಪ್ ಗೆದ್ದಿತು. ಈಗ ಓದಲು ಹೊರದೇಶಕ್ಕೆ ಹೊರಟ ಮಕ್ಕಳ ಮನೆಗಳಲ್ಲಿ ಸೂಟ್‌ಕೇಸನ್ನು ತೂಕಕ್ಕಿಟ್ಟು, ಚಟ್ನಿಪುಡಿ ಎಷ್ಟು, ಪುಸ್ತಕ ಎಷ್ಟು ಎಂಬ ಲೆಕ್ಕ ನಡೆದಿರುತ್ತದೆ. ಜೊತೆಗೆ ನಿಮ್ಮೂರಿನ ಒಂದು ಆಟವನ್ನೂ ಕೊಂಡೊಯ್ಯಿರಿ, ಅದಕ್ಕೆ ತೂಕವಿಲ್ಲ. ಆದರೆ ವಿಮಾನ ಹತ್ತುವ ಮೊದಲು ಅದರ ನಿಯಮಗಳನ್ನು ಆಟ ಗೊತ್ತಿಲ್ಲದ ಒಬ್ಬರಿಗೆ ಬಾಯಿಬಿಟ್ಟು ಹೇಳಿನೋಡಿ. ನಿಮಗೆಷ್ಟು ಗೊತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ.